ಎಣಿಕೆ ತಪ್ಪದ ಅಟೆಂಡರ್

ಏನನ್ನಾದರೂ ಎಣಿಸಬೇಕಾದಾಗ ನಮ್ಮ ಕಾಲೇಜಿನ ಅಟೆಂಡರ್ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕತ್ತನ್ನು ಎಡಕ್ಕೆ ವಾಲಿಸಿ, ತಾಮ್ರದ ಒಂಟಿ ಹಾಕಿದ್ದ ಬಲಗಿವಿಯನ್ನು ಮೇಲೆ ಮಾಡಿ ನಿಲ್ಲುವರು. ಕಿವಿಯ ಅಂಚಿನಲ್ಲಿ ನಾಲ್ಕಾರು ಬಿಳಿಯ ಗಡಸು ಕೂದಲು. ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾವು ತೊಳೆದಿಟ್ಟ ಗಾಜಿನ ನಳಿಗೆಗಳ ಟ್ರೇ ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆಯುತ್ತಿದ್ದರು, ಅಷ್ಟೆ. ಆ ಕಿಣಿಕಿಣಿ ಕೇಳಿಯೇ ಹೇಳುವರು: "ಒಂದು ಕಡಿಮೆ ಐತೆ. ಯಾರಪ್ಪ ಒಡೆದೋರು, ಈಗ್ಲೇ ಹೇಳಿ ಪುಣ್ಯ ಕಟ್ಕಳ್ರಿ." ಬೀರುವಿನ ಮುಂದೆ ನಿಂತು ಎಣಿಸಿದರೆ ಒಂದು ಕಡಿಮೆಯೇ ಇರುತ್ತಿತ್ತು.

ಅವರು ಜವನಗೊಂಡನಹಳ್ಳಿ ಕಡೆಯವರು. ಕುರಿ ಕಾಯುವ ಮನೆತನ. ಚಿತ್ರದುರ್ಗದ ಕಾಲೇಜಿನಲ್ಲಿ ಅಟೆಂಡರ್ ಕೆಲಸ ಸಿಗುವವರೆಗೆ ಇಪ್ಪತ್ತು ವರ್ಷ ಕುರಿಯ ಹಿಂದೆ ನಡೆದವರು. ಖಾಕಿ ಕೋಟಿನ ಮೇಲೂ ಚಳಿಗಾಲದಲ್ಲಿ ಕರಿಯ ಕಂಬಳಿ ಹೊದ್ದೇ ಬರುತ್ತಿದ್ದರು. ಪ್ರಿನ್ಸಿಪಾಲರು ಒಮ್ಮೆ ಆಕ್ಷೇಪಿಸಿದಾಗ, "ಕೋಟು ಸರ್ಕಾರದ್ದು ಸಾರ್, ಮೈ ನಂದು" ಎಂದರಂತೆ. ತರಗತಿಯಿಂದ ತರಗತಿಗೆ ಹಾಜರಿ ಪುಸ್ತಕ ಒಯ್ಯುವ ಕೆಲಸ ಅವರದೇ. ಬಾಗಿಲಲ್ಲಿ ನಿಂತು ಹಾಜರಿ ಮುಗಿಯುವುದನ್ನು ಕಾಯುವಾಗ, ಇಲ್ಲದ ಗೆಳೆಯನ ಹೆಸರಿಗೆ ಯಾರು ಸ್ವರ ಬದಲಿಸಿ "ಎಸ್ ಸಾರ್" ಎನ್ನುತ್ತಾರೆ ಎಂಬುದು ಲೆಕ್ಚರರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಯಾರನ್ನೂ ಹಿಡಿದುಕೊಟ್ಟವರಲ್ಲ. ಕಾರಿಡಾರಿನಲ್ಲಿ ಎದುರಾದಾಗ ಮಾತ್ರ, "ಏನಪ್ಪ, ಇವತ್ತು ಎರಡು ಗಂಟ್ಲಾಗೆ ಮಾತಾಡಿದ್ಯಲ್ಲ, ಒಂದಕ್ಕಾರ ಕಾಫಿ ಕುಡಿಸು" ಎನ್ನುವರು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾವು ಬಿಎಸ್ಸಿಯ ಏಳು ಜನ ಚಳಿಗಾಲದ ಭಾನುವಾರಗಳಂದು ಸೈಕಲ್ ಸವಾರಿ ಹೋಗುವ ಹುಚ್ಚು ಹಚ್ಚಿಕೊಂಡಿದ್ದೆವು. ಕಾಲೇಜಿನವರು ಯಾರಾದರೂ ಜೊತೆಗಿರಬೇಕೆಂದು ಪ್ರಿನ್ಸಿಪಾಲರು ಷರತ್ತು ಹಾಕಿದರು. ಆ ಚಳಿಯಲ್ಲಿ ಏಳಲು ಒಬ್ಬ ಲೆಕ್ಚರರೂ ಒಪ್ಪಲಿಲ್ಲ. ಅಟೆಂಡರ್ ಒಪ್ಪಿದರು. "ಅಭ್ಯಾಸ ಇರೋ ಕೆಲಸ. ಕುರಿಗಾದ್ರೆ ನಾಕು ಕಾಲು, ಇವಕ್ಕೆ ಎರಡು ಚಕ್ರ" ಎಂದರು.

ಅವರು ಯಾವಾಗಲೂ ಕೊನೆಯಲ್ಲಿ ಬರುತ್ತಿದ್ದರು. ಮುಂದೆ ಬರ್ರಿ ಎಂದು ನಾವು ಕರೆದರೆ, "ಕುರಿ ಮುಂದೆ ಹೋಗೋನು ದಾರಿ ನೋಡ್ತಾನೆ, ಹಿಂದೆ ಹೋಗೋನು ಕುರಿ ನೋಡ್ತಾನೆ" ಎಂಬ ಉತ್ತರ. ಮಂಜು ಇದ್ದ ದಿನ ಅವರದೊಂದು ಕಟ್ಟಳೆ ಇತ್ತು. ಅರ್ಧ ಮೈಲಿಗೊಮ್ಮೆ ಹಿಂದಿನಿಂದ "ಹೋ..." ಎಂದು ಕೂಗುವರು. ಆಗ ಮುಂದಿನವನಿಂದ ಮೊದಲಾಗಿ ಒಬ್ಬೊಬ್ಬರೂ ಒಂದೊಂದು ಸಲ ಬೆಲ್ ಹೊಡೆಯಬೇಕು. ಏಳು ಬೆಲ್ ಕೇಳಿದ ಮೇಲೆ ಅವರಿಂದ "ಹೂಂ" ಬರುತ್ತಿತ್ತು. ಆ "ಹೂಂ" ಕೇಳಿದರೆ ನಮಗೂ ಒಂದು ನೆಮ್ಮದಿ.

ಆ ಸಲ ಶನಿವಾರವೇ ಹೊರಟು ಹಿರಿಯೂರಿನಲ್ಲಿ ತಿಪ್ಪೇಶನ ಸೋದರಮಾವನ ಮನೆಯಲ್ಲಿ ಉಳಿದಿದ್ದೆವು. ತಿಪ್ಪೇಶ ನನ್ನ ಬೆಂಚಿನ ಗೆಳೆಯ. ಅವನದು ಹೊಸ ಸೈಕಲ್, ಬೆಲ್ಲು ಬೆಳ್ಳಿಯ ಬಟ್ಟಲಿನಂತೆ ಮೊಳಗುತ್ತಿತ್ತು. ನನ್ನದು ಬಾಡಿಗೆಯದು, ಬಿರುಕು ಬಿಟ್ಟ ಬೆಲ್ಲು. ಹೊಡೆದರೆ ಕೊರಡು ತಟ್ಟಿದ ಹಾಗೆ. ಭಾನುವಾರ ಬೆಳಗ್ಗೆ ಆರೂವರೆಗೆ ಅಂಗಡಿಯಲ್ಲಿ ಟೀ ಕುಡಿದು ಮಾರಿಕಣಿವೆಯ ಅಣೆಕಟ್ಟಿನ ಕಡೆಗೆ ಹೊರಟೆವು. ಬಬ್ಬೂರು ದಾಟಿದ ಮೇಲೆ ಹೊಸದುರ್ಗದ ರಸ್ತೆ ಬಿಟ್ಟು ನಾಲೆಯ ಏರಿಯ ಮೇಲಿನ ಗಾಡಿಜಾಡು ಹಿಡಿದೆವು. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಅದರ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿತ್ತೆಂದರೆ, ನನ್ನ ಮುಂದೆಯೇ ಇದ್ದ ತಿಪ್ಪೇಶನ ಹಿಂದಿನ ಚಕ್ರ ಕಾಣುತ್ತಿತ್ತು, ಅವನ ತಲೆ ಕಾಣುತ್ತಿರಲಿಲ್ಲ.

ತಿಪ್ಪೇಶ ನಿಧಾನ ಮಾಡಿ ನನ್ನ ಪಕ್ಕಕ್ಕೆ ಬಂದ.

"ಲೇ, ನಾನು ಮುಂದೆ ಹೋಗಿ ಅಣೆಕಟ್ಟಿನ ಮೇಲೆ ನಿಂತಿರ್ತೀನಿ. ನೀವು ಆಮೆ ಹಂಗೆ ಬರ್ರಿ."

"ಅಟೆಂಡರ್ ಬಿಡಲ್ಲ ಕಣೋ. ಬೆಲ್ಲು ಎಣಿಸ್ತಾರೆ."

"ನಂದೂ ನೀನೇ ಹೊಡಿ. ಕ್ಲಾಸಲ್ಲಿ ನನ್ನ ಹೆಸರಿಗೆ ಎಸ್ ಸಾರ್ ಅಂತೀಯಲ್ಲ, ಅಂಗೇ."

ನಗುತ್ತ ಪೆಡಲು ತುಳಿದು ಮಂಜಿನೊಳಗೆ ಹೋದ. ಸ್ವಲ್ಪ ಹೊತ್ತಿಗೆ ಹಿಂದಿನಿಂದ "ಹೋ..." ಬಂತು. ನಾನು ಬೆಲ್ಲಿನ ಮೇಲೆ ಅಂಗೈ ಮುಚ್ಚಿ ಒಂದು ಸಲ ಹೊಡೆದೆ, ಕೈ ತೆಗೆದು ಇನ್ನೊಂದು ಸಲ ಹೊಡೆದೆ. ನನ್ನ ಹಿಂದಿನ ಐವರೂ ಹೊಡೆದರು. ಏಳಾಯಿತು. ಅಟೆಂಡರಿಂದ ಉತ್ತರ ಬರುವುದು ತುಸು ತಡವಾಯಿತು. ಆಮೇಲೆ "ಹೂಂ" ಎಂದರು.

ಮುಂದೆ ನಾಲೆ ನಮ್ಮ ಜಾಡನ್ನು ಅಡ್ಡ ಹಾಯುವ ಕಡೆ ಒಂದು ಸಣ್ಣ ಮೋರಿ. ನೀರು ಅದರ ಕೆಳಗೆ ನುಗ್ಗಿ ಆ ಬದಿಗೆ ಹೊರಡುತ್ತಿತ್ತು. ಮೋರಿಗೆ ತಡೆಗೋಡೆ ಇರಲಿಲ್ಲ. ಅದನ್ನು ದಾಟುವಾಗ ಕೆಳಗಿನಿಂದ ಒಂದು ಸದ್ದು ಕೇಳಿಸಿತು. ಎಮ್ಮೆ ನೀರಿನಲ್ಲಿ ಮೂಗು ಸೀನಿದ ಹಾಗೆ. ಎಮ್ಮೆಯೇ ಇರಬೇಕು ಎಂದುಕೊಂಡೆ. ಹೀಗೆ ಅಂದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಇಷ್ಟು ಬೆಳಗ್ಗೆ ಎಮ್ಮೆಯನ್ನು ಯಾರು ನೀರಿಗೆ ಬಿಡುತ್ತಾರೆ ಎಂದೂ ಒಂದು ಕ್ಷಣ ಅನ್ನಿಸಿತು. ಪೆಡಲು ಮಾತ್ರ ನಿಲ್ಲಿಸಲಿಲ್ಲ. ನನ್ನ ಹಿಂದೆ ಐದು ಸೈಕಲ್, ಕೊನೆಗೆ ಅಟೆಂಡರ್, ಎಲ್ಲರೂ ಗಡಗಡನೆ ಮೋರಿ ದಾಟಿದೆವು. ತಿಪ್ಪೇಶನ ತಲೆಯ ಮೇಲೆಯೇ ದಾಟಿದೆವು.

ಮತ್ತೆ "ಹೋ..." ಕೇಳಿತು. ನಾನು ಮತ್ತೆ ಎರಡು ಹೊಡೆದೆ. ಈ ಸಲ ಹಿಂದಿನವರು ಹೊಡೆಯುವ ಮೊದಲೇ ಅಟೆಂಡರ ದನಿ ಬಂತು.

"ನಿಲ್ರಿ. ಎಲ್ರೂ ನಿಲ್ರಿ."

ಸೈಕಲ್ ತಳ್ಳಿಕೊಂಡು ಸಾಲಿನ ಪಕ್ಕದಲ್ಲೇ ಮುಂದೆ ಬಂದರು. ನನ್ನ ಮುಂದೆ ಯಾರೂ ಇಲ್ಲದ್ದನ್ನು ನೋಡಿದರು.

"ಅವ್ನೆಲ್ಲಿ?"

"ಮುಂದೆ ಹೋದ" ಎಂದೆ.

ಅವರು ಬೈಯಲಿಲ್ಲ. ಕಣ್ಣು ಮುಚ್ಚಿ, ಕತ್ತು ವಾಲಿಸಿ ನಿಂತರು. ನಾವು ಉಸಿರು ಬಿಗಿ ಹಿಡಿದೆವು. ನನಗೆ ನೀರಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಅವರು ಕಣ್ಣು ತೆರೆದು ಸೈಕಲ್ ಕೈಬಿಟ್ಟು ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದರು. ಐವತ್ತರ ಮೇಲಿನ ಮನುಷ್ಯ ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ.

ಸೈಕಲ್ ಸಮೇತ ನೀರಿಗೆ ಬಿದ್ದ ತಿಪ್ಪೇಶ ಮೋರಿಯ ಬಾಯಿಗೆ ಸಿಕ್ಕಿಕೊಂಡಿದ್ದ. ಕಾಲು ಸೈಕಲಿನ ತ್ರಿಕೋನದೊಳಗೆ, ಕೈ ಹೊಂಗೆಯ ಒಂದು ಬೇರಿನ ಮೇಲೆ. ಮೂಗು ಮತ್ತು ಹಣೆ ಮಾತ್ರ ನೀರಿನ ಮೇಲಿದ್ದವು, ಅವೂ ಒಮ್ಮೆ ಕಾಣುತ್ತಿದ್ದವು, ಒಮ್ಮೆ ಇಲ್ಲ. ಕೂಗಲು ಅವನಿಗೆ ಬಾಯಿ ಬಿಡುವಂತಿರಲಿಲ್ಲ. ಅಟೆಂಡರಿಗೆ ಈಜು ಬಾರದು. ನಮ್ಮಲ್ಲಿ ಇಬ್ಬರಿಗೆ ಬರುತ್ತಿತ್ತು. ನಾವು ಅಂಗಿ ಬಿಚ್ಚಬೇಕೇ ಬೇಡವೇ ಎಂದು ನಿಂತಿರುವಾಗಲೇ ಅವರು ಕಂಬಳಿಯ ಒಂದು ತುದಿಯನ್ನು ಸೊಂಟಕ್ಕೆ ಬಿಗಿದು ಇನ್ನೊಂದನ್ನು ನಮ್ಮ ಕಡೆ ಎಸೆದು, "ಹಿಡ್ಕಳ್ರೋ, ಬಿಟ್ರೆ ಇಬ್ರೂ ಹೋಗ್ತೀವಿ" ಎಂದು ಇಳಿದೇಬಿಟ್ಟರು. ನೀರು ಕುಡಿದ ಕಂಬಳಿ ಕಲ್ಲಿನಂತೆ ಭಾರವಾಯಿತು. ಮೋರಿಯ ಸೆಳೆತಕ್ಕೆ ಅವರ ಮೈ ಎರಡು ಸಲ ಒಳಗೆ ಹೋಯಿತು, ಎರಡು ಸಲವೂ ನಾವು ಎಳೆದೆವು. ಮೂರನೆಯ ಸಲ ಮೇಲೆ ಬಂದಾಗ ತಿಪ್ಪೇಶನ ಕೂದಲು ಅವರ ಮುಷ್ಟಿಯಲ್ಲಿತ್ತು.

ಬಬ್ಬೂರಿನ ಕಡೆ ಹೊರಟಿದ್ದ ಒಂದು ಟ್ರ್ಯಾಕ್ಟರ್ ಸಿಕ್ಕಿತು. ಆಸ್ಪತ್ರೆ ಮುಟ್ಟುವವರೆಗೂ ತಿಪ್ಪೇಶನ ತುಟಿ ನೇರಳೆ ಹಣ್ಣು ತಿಂದವನಂತಿತ್ತು. ಅವನು ಉಳಿದ. ಆದರೆ ಟೀ ಅಂಗಡಿಯಿಂದ ಆಚೆಗೆ ಆ ಬೆಳಗಿನ ಒಂದು ಸಂಗತಿಯೂ ಅವನ ನೆನಪಿನಲ್ಲಿ ಉಳಿಯಲಿಲ್ಲ. ಮುಂದೆ ಹೋಗುತ್ತೇನೆ ಎಂದದ್ದೂ ಇಲ್ಲ, "ನಂದೂ ನೀನೇ ಹೊಡಿ" ಎಂದದ್ದೂ ಇಲ್ಲ.

ಪ್ರಿನ್ಸಿಪಾಲರು ನಮ್ಮೆಲ್ಲರನ್ನೂ ಕೋಣೆಗೆ ಕರೆಸಿದರು. ಹುಡುಗ ನೀರಿಗೆ ಬಿದ್ದದ್ದು ಗೊತ್ತಾಗದೆ ಮುಂದೆ ಹೋದದ್ದು ಹೇಗೆ ಎಂಬುದೊಂದೇ ಅವರ ಪ್ರಶ್ನೆ.

"ಏಳು ಜನರನ್ನು ಎಣಿಸೋಕೆ ಬರಲ್ವೇನಯ್ಯ ನಿನಗೆ?"

"ತಪ್ಪಾತು ಸಾರ್. ಎಣಿಕೆ ತಪ್ಪಿದೆ" ಎಂದರು ಅಟೆಂಡರ್.

ನಾನು ಅವರಿಂದ ಎರಡಡಿ ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮಾರನೆಯ ದಿನ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಅವರೇ ಹತ್ತಿರ ಬಂದರು. "ಮೊದಲ್ನೇ ಸಲನೇ ಗೊತ್ತಾತು ನಂಗೆ. ಎರಡೂ ನಿನ್ನ ಬೆಲ್ಲೇ. ಅಂಗೈ ಮುಚ್ಚಿದ್ರೆ ಗಂಟ್ಲು ಬದಲಾಗ್ತೈತಾ? ಹಾಜರಿ ಆಟ ಆಡ್ತಾವೆ ಹುಡುಗ್ರು, ಆಡ್ಲಿ ಅಂತ ಹೂಂ ಅಂದೆ. ಅನ್ನಬಾರ್ದಿತ್ತು." ಬೀರುವಿನ ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡರು. "ನೀನು ಯಾರಿಗೂ ಹೇಳಬ್ಯಾಡ. ಪರೀಕ್ಷೆ ಹತ್ರ ಐತೆ."

ಪರೀಕ್ಷೆ ಏಪ್ರಿಲಿನಲ್ಲಿ ಮುಗಿಯಿತು. ಹೇಳಬ್ಯಾಡ ಎಂಬ ಆ ಮಾತನ್ನು ನಾನು ಮಾತ್ರ ವರ್ಷಗಟ್ಟಲೆ ಹಿಡಿದುಕೊಂಡಿದ್ದೆ.

ಹಾಜರಿ ಪುಸ್ತಕ ಒಯ್ಯುವ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಹುಡುಗರು ಅವರಿಗೆ 'ಆರೇಳು' ಎಂದು ಹೆಸರಿಟ್ಟರು, ಆರಕ್ಕೂ ಏಳಕ್ಕೂ ವ್ಯತ್ಯಾಸ ತಿಳಿಯದವರು ಎಂದು. ಹೆಸರಿಟ್ಟವನು ತಿಪ್ಪೇಶನೇ. ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ತನ್ನನ್ನು ಉಳಿಸಿದವರ ಮೇಲೆ ಅವನಿಗೆ ಪ್ರಾಣವಿತ್ತು. ದೀಪಾವಳಿಗೆ ತಪ್ಪದೆ ಪಂಚೆ ಕೊಡುತ್ತಿದ್ದ. ಕೊಡುವಾಗಲೂ, "ಎರಡು ಅವೆ, ಎಣಿಸ್ಕಳ್ರಿ" ಎನ್ನುತ್ತಿದ್ದ.

ನನಗೆ ನಿದ್ದೆಯಲ್ಲಿ ಆ ಮೋರಿ ಬರಲು ಶುರುವಾಗಿತ್ತು. ಕನಸಿನಲ್ಲಿ ನಾವು ನಿಲ್ಲುವುದೇ ಇಲ್ಲ. ನಾನು ಎರಡೆರಡು ಬೆಲ್ ಹೊಡೆಯುತ್ತ ಹೋಗುತ್ತಿರುತ್ತೇನೆ, ಹಿಂದಿನಿಂದ "ಹೂಂ" "ಹೂಂ" ಎಂದು ಬರುತ್ತಿರುತ್ತದೆ. ಒಮ್ಮೆ ಕೆಲಸದ ಮೇಲೆ ಹಿರಿಯೂರಿಗೆ ಹೋದವನು ಒಬ್ಬನೇ ಆ ಏರಿಗೆ ಹೋಗಿ, ಮೋರಿಯಿಂದ ಅವರು ನಮ್ಮನ್ನು ನಿಲ್ಲಿಸಿದ ಜಾಗದವರೆಗೆ ಹೆಜ್ಜೆ ಹಾಕಿದೆ. ಮುನ್ನೂರ ನಲವತ್ತು ಹೆಜ್ಜೆ. ಎರಡನೆಯ ಎಣಿಕೆಯನ್ನು ಅವರು ಇನ್ನೊಂದು ಮುನ್ನೂರು ಹೆಜ್ಜೆ ತಡ ಮಾಡಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸದೆ ಇರುವ ದಿನ ನನಗೆ ಇನ್ನೂ ಸಿಕ್ಕಿಲ್ಲ.

ಹೊಳಲ್ಕೆರೆಯಲ್ಲಿ ನನ್ನ ಮದುವೆಯಾದಾಗ ಅವರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಉಡುಗೊರೆಯಾಗಿ ಹೊಸ ಕಂಬಳಿ, ಅಣ್ಣನ ಮಗ್ಗದಲ್ಲಿ ನೇಯಿಸಿದ್ದು. ಚಪ್ಪರದ ಬಾಗಿಲಲ್ಲೇ ತಿಪ್ಪೇಶ, "ಆರೇಳು ಬಂದ್ರು ಕಣ್ರಪ್ಪ, ಪಂಕ್ತಿ ಎಲೆ ಅವರ ಕೈಲಿ ಮಾತ್ರ ಎಣಿಸಬ್ಯಾಡ್ರಿ" ಎಂದ. ಎಲ್ಲರೂ ನಕ್ಕರು. ಅವರೂ ನಕ್ಕರು. ಬಾಸಿಂಗ ಕಟ್ಟಿಕೊಂಡು ಕೂತಿದ್ದ ನಾನೂ ನಕ್ಕೆ. ಅವರ ಹೆಂಡತಿ ಮಾತ್ರ ನಗಲಿಲ್ಲ.

ಆ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಎದೆಯಲ್ಲಿ ಕಫ ಕಟ್ಟಿ ಹದಿನೈದು ದಿನ ಮಲಗಿದ್ದರಂತೆ. ತಿಥಿಯ ದಿನ ನಾನೂ ತಿಪ್ಪೇಶನೂ ಜವನಗೊಂಡನಹಳ್ಳಿಗೆ ಹೋದೆವು. ಜಗಲಿಯ ಮೇಲೆ ನೆಂಟರೆಲ್ಲ ಕೂತಿದ್ದರು. ತಿಪ್ಪೇಶ ಕಣ್ಣೊರೆಸಿಕೊಳ್ಳುತ್ತ ನಾಲೆಯ ಕತೆ ಹೇಳಿದ, ಈಜು ಬಾರದೆಯೂ ಅವರು ಇಳಿದದ್ದನ್ನು, ತನ್ನ ಕೂದಲು ಹಿಡಿದದ್ದನ್ನು. ಕೊನೆಗೆ ಅಭ್ಯಾಸ ಬಲದಿಂದ, "ಎಣಿಕೆ ಒಂದು ತಪ್ಪಿದ್ರು, ಅದ್ಬಿಟ್ರೆ ದೇವರಂಥೋರು" ಎಂದ.

ಅವರ ಅಣ್ಣ ತಲೆಯೆತ್ತಿದರು. "ನನ್ನ ತಮ್ಮ ಎಣಿಕೆ ತಪ್ಪಿದ್ನಾ? ಮುನ್ನೂರು ಕುರಿ ಕಣ್ಮುಚ್ಕಂಡು ಹೇಳೋನು ಅವ್ನು. ಯಾರು ಹೇಳಿದ್ದು ನಿಂಗೆ?"

"ಅವ್ರೇ ಹೇಳಿದ್ರಲ್ಲ" ಎಂದ ತಿಪ್ಪೇಶ.

ಮುದುಕರು ನೆಲ ನೋಡಿದರು. ತಮ್ಮ ಸತ್ತ ಮೇಲೆ ಇನ್ನೊಂದೇನನ್ನೋ ಕಳೆದುಕೊಂಡವರ ಹಾಗಿತ್ತು ಆ ಮುಖ. ಆಗ ಹೇಳಿದೆ. ಬೆಲ್ ಹೊಡೆದವನು ನಾನು, ಅವರು ಏಳು ಎಣಿಸಿದ್ದು ಸರಿಯಾಗಿಯೇ ಇತ್ತು, ಏಳರಲ್ಲಿ ಎರಡು ನನ್ನವು, ಅದೂ ಅವರಿಗೆ ಗೊತ್ತಾಗಿತ್ತು ಎಂದು. ತಿಪ್ಪೇಶ ನನ್ನನ್ನೇ ನೋಡುತ್ತ, "ಹೊಡಿ ಅಂತ ನಾನೇ ಹೇಳಿದ್ನಾ?" ಎಂದು ಮೆಲ್ಲಗೆ ಕೇಳಿದ. ಹೌದೆಂದೆ. ಅವನು ಎದ್ದು ಅಂಗಳಕ್ಕೆ ಇಳಿದು ಅತ್ತ ಮುಖ ಮಾಡಿ ನಿಂತ.

ಅಟೆಂಡರ ಹೆಂಡತಿ ಬಾಗಿಲ ಹತ್ತಿರ ಕೂತಿದ್ದರು.

"ಅವ್ರಿಗೆ ಹೇಳಿದ್ರಾ ಇದನ್ನ?" ಎಂದು ಕೇಳಿದರು.

"ಅವರಿಗೆ ಗೊತ್ತಿತ್ತಮ್ಮ."

"ಗೊತ್ತಿತ್ತು ಅಂಬೋದು ನಂಗೂ ಗೊತ್ತು. ಮನೆಗೆ ಬಂದು ಹೇಳಿದ್ರು. ನೀವು ಹೇಳಿದ್ರಾ ಅಂತ ಕೇಳಿದ್ದು ನಾನು. ತಪ್ಪು ನಂದು, ನಿಮ್ದಲ್ಲ ಅಂತ. ಒಂದು ದಿನನಾರ."

"ಇಲ್ಲ" ಎಂದೆ.