ಡೀಸೆಲ್ ದಾನಿಗಳಿಗೆ ಮೈಕಿನಲ್ಲಿ ಧನ್ಯವಾದ

ಗೆಳೆಯರೇ, ಮಗಳ ಕಾಲೇಜಿನ ಹಿಂದೆಯೇ ಗಾಂಜಾ ಮಾರುತ್ತಾರೆಂದು ದೂರು ಕೊಡಲು ಬೆಳಿಗ್ಗೆ ಠಾಣೆಗೆ ಹೋಗಿದ್ದೆ.

"ಬೆಳಿಯೋ ಹೊಲಾನೂ ಗೊತ್ತೈತ್ರಿ ಅಕ್ಕಾರ. ಜೀಪಿಗೆ ಡೀಸೆಲ್ ಇಲ್ರಿ," ಎಂದರು ಹವಾಲ್ದಾರರು.

ಸರ್ಕಾರದ ಕೆಲಸಕ್ಕೆ ನಾವು ಚಂದಾ ಪಟ್ಟಿ ಎತ್ತುವುದು ಸರಿಯೇ ಎಂಬ ಅನುಮಾನವಿದ್ದರೂ ಓಣಿಯವರೆಲ್ಲ ಸೇರಿ ಡೀಸೆಲ್ ಹಾಕಿಸಿದೆವು. ಕೊಟ್ಟವರ ಹೆಸರು ಕೂಗದಿದ್ದರೆ ನಮ್ಮಲ್ಲಿ ಅವಮಾನ. ಹಾಗಾಗಿ ಸಂಜೆ ಓಣಿಯ ಹಿರಿಯರು ಆಟೋಗೆ ಮೈಕ್ ಕಟ್ಟಿಸಿದರು.

"ನಾಳೆ ಮುಂಜಾನೆ ಹೊಳಿ ದಂಡಿ ಕಬ್ಬಿನಾಗ ಬೆಳದ ಗಾಂಜಾ ಕೀಳಾಕ ಡೀಸೆಲ್ ಕೊಟ್ಟ ದಾನಿಗಳು..."

ಓಡಿಹೋಗಿ ಆಟೋ ನಿಲ್ಲಿಸಿದೆ.

"ಯಾಕ್ರಿ ಅಕ್ಕಾರ, ನಿಮ್ಮ ಹೆಸರು ಬಿಟ್ಟೇನೇನ್ರಿ?" ಎಂದು ಕೇಳಿದ ಮೈಕ್ ಹಿಡಿದವನು.

ಅಷ್ಟರಲ್ಲೇ ಎರಡು ಖಾಲಿ ಟ್ರ್ಯಾಕ್ಟರ್ ಹೊಳೆಯ ಕಡೆ ಜೋರಾಗಿ ಹೊರಟವು. ಗಾಂಜಾ ಬೆಳೆದವರಿಗೆ ಡೀಸೆಲ್ ಕೊರತೆ ಇದ್ದಂತಿಲ್ಲ.