ಮೆಟ್ಟಿಲ ತನಕ ಬಂದ ಸೋಮಾರಿ

ಬೀದಿಯವರು ಅವಳನ್ನು ಕತ್ತರಿ ಅಕ್ಕ ಎನ್ನುತ್ತಿದ್ದರು. ಹೊಲಿಗೆಯವಳಾದ್ದರಿಂದ ಆ ಹೆಸರು ಬಂತೆಂದು ಅವಳು ತಿಳಿದಿದ್ದಳು. ಅವಳ ನಾಲಿಗೆಗೆ ಒಮ್ಮೆ ಸಿಕ್ಕಿಬಿದ್ದವರಿಗೆ ನಿಜ ಗೊತ್ತಿತ್ತು. ಮೊದಲ ಮಹಡಿಯ ಎರಡು ಕೋಣೆಯಲ್ಲಿ ಪರದೆ, ದಿಂಬಿನ ಚೀಲ, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಕಸೂತಿ ಮೆಷಿನ್ನಿಗೆ ಚಿತ್ರ ಇಳಿಸಿಕೊಳ್ಳಲು ಒಂದು ಕಂಪ್ಯೂಟರ್ ಇತ್ತು. ಆ ವಾರ ಅದು ಕೈಕೊಟ್ಟಿತು.

ಹೊಸದನ್ನು ತಂದಿಟ್ಟರೆ, ಅಕ್ಕಪಕ್ಕದವರ ವೈಫೈಗಳೆಲ್ಲ ಸಾಲಾಗಿ ಕಂಡವು, ತನ್ನ ಮನೆಯದು ಮಾತ್ರ ಕಾಣಲಿಲ್ಲ. ಕಾಣದ ಹಾಗೆ ಮಾಡಿದವನು ತಮ್ಮ. ಮೇಲಿನ ಮನೆಯವರು ಪುಕ್ಕಟೆ ಬಳಸುತ್ತಿದ್ದಾರೆಂದು ಹೆಸರನ್ನೇ ಬಚ್ಚಿಟ್ಟಿದ್ದ. "ಹೆಸರು ಗೊತ್ತಿರೋರಿಗೆ ಮಾತ್ರ ಬಾಗಿಲು ಕಣಕ್ಕ," ಎಂದಿದ್ದ.

ಆ ತಮ್ಮನ ಸುದ್ದಿ ಎತ್ತುವ ಧೈರ್ಯ ಈಗ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ಅವನನ್ನೇ ಕನವರಿಸುತ್ತಿದ್ದಾಗ ಬರದವನು, ಎಲ್ಲ ಮುಗಿದ ಮೇಲೆ ಬಂದ. "ಇನ್ನು ಈ ಹೊಸ್ತಿಲು ತುಳಿದ್ರೆ ನೋಡು," ಎಂದಳು ಇವಳು. ಅವನು ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ಹೊರಟುಹೋದ. ಫೋನ್ ನಂಬರೂ ಬದಲಾಯಿತು. ಎರಡು ವರ್ಷದಲ್ಲಿ ಇವಳ ಸಿಟ್ಟು ಇಳಿದು ಬರೀ ಸಂಕಟ ಉಳಿದಿತ್ತು. ಅವನು ಒಂದೇ ಒಂದು ಸಲ ಮರಳಿ ಬಂದರೆ ಸಾಕಿತ್ತು. ಆದರೆ ಅದನ್ನು ಹೇಳುವುದು ಯಾರಿಗೆ?

ನೆಟ್ ರಿಪೇರಿಯವನನ್ನು ಕರೆಸಿದಳು. ಅವನು ಪಟ್ಟಿಯ ತಳಕ್ಕೆ ಹೋಗಿ, ಬಚ್ಚಿಟ್ಟ ನೆಟ್‌ವರ್ಕ್ ಸೇರುವ ಜಾಗ ತೆರೆದ. "ಹೆಸರು ನೀವೇ ಟೈಪ್ ಮಾಡ್ಬೇಕಕ್ಕ." ಅವಳು ಹೆಸರು ಒತ್ತಿದಳು, ಆಮೇಲೆ ಪಾಸ್‌ವರ್ಡ್. ಕೆಳಗಿನ ಚೌಕದಲ್ಲಿ ಅವನೊಂದು ಗುರುತು ಹಾಕಿದ. "ಇನ್ಮೇಲೆ ಕಂಪ್ಯೂಟರ್ರು ಇದೇ ಹೆಸರು ಕರೆದು ತಾನಾಗೇ ಸೇರ್ಕೊಳ್ಳುತ್ತೆ." ಸೇರಿತೋ ಇಲ್ಲವೋ ನೋಡೋಣವೆಂದು, ಯಾವ ಯಾವ ಕಂಪ್ಯೂಟರ್, ಫೋನು ಸೇರಿವೆಯೆಂದು ಸಾಲಾಗಿ ತೋರಿಸುವ ರೂಟರಿನ ಪುಟ ತೆರೆದವನು ನಕ್ಕುಬಿಟ್ಟ.

"ಸೋಮಾರಿ ಅಂತ ಯಾರಕ್ಕ? ನಿನ್ನೆ ಸಂಜೆ ಸೇರ್ಕೊಂಡು ಅರ್ಧ ಗಂಟೆ ಇದ್ದು ಹೋಗಿದಾರೆ."

ಸೋಮಾರಿ ಎಂದು ಅಮ್ಮ ತಮ್ಮನನ್ನು ಬೈಯುತ್ತಿದ್ದಳು. ಅವನು ಅದನ್ನೇ ಲ್ಯಾಪ್‌ಟಾಪಿಗೆ ಹೆಸರಿಟ್ಟುಕೊಂಡಿದ್ದ.

"ಅದು ನನ್ನ ತಮ್ಮನ ಲ್ಯಾಪ್‌ಟಾಪು. ದಾರೀಲಿ ಸುಮ್ನೆ ಹೋಗ್ತಾ ಸೇರ್ಕೊಂಡಿರ್ಬಹುದಾ?" ಎಂದು ಕೇಳಿದಳು.

"ಚೀಲದಲ್ಲಿ ಮಲಗಿದ್ರೆ ಸೇರಲ್ಲ. ತೆಗೆದಿಟ್ಕೊಂಡು ಕೂತಿರ್ಬೇಕು. ಸಿಗ್ನಲ್ಲು ಕೆಳಗಿನ ಮೆಟ್ಟಿಲ ತನಕ ಅಷ್ಟೇ."

ಮೆಟ್ಟಿಲ ಮೇಲೆ ಕೂತು, ಈ ಮನೆ ತನ್ನನ್ನು ಇನ್ನೂ ಸೇರಿಸಿಕೊಳ್ಳುತ್ತದೆಯೇ ಎಂದು ನೋಡಿದ್ದಾನೆ. ಸೇರಿಸಿಕೊಂಡಿದೆ. ಅಷ್ಟು ಹೊತ್ತೂ ಇವಳು ಮೇಲೆ ಬಾಗಿಲು ಹಾಕಿಕೊಂಡು ಸಮವಸ್ತ್ರದ ಅಂಚು ಹೊಲಿಯುತ್ತಿದ್ದಳು. ಮೆಷಿನ್ನಿನ ಸದ್ದು ಅವನಿಗೆ ಕೇಳಿಸಿರಲೇಬೇಕು. ಹುಟ್ಟಿದಾಗಿನಿಂದ ಅಕ್ಕನ ಒಂದು ಮಾತನ್ನೂ ಕೇಳದವನು, ಹೊಸ್ತಿಲು ತುಳಿಯಬೇಡ ಎಂದ ಈ ಒಂದನ್ನು ಮಾತ್ರ ಕೇಳಿದ.

"ಅವನು ಮತ್ತೆ ಬಂದ್ರೆ ಅವನಿಗೆ ಕಾಣೋ ಹಾಗೆ ಏನಾದ್ರೂ ಬರೆಯೋಕಾಗುತ್ತಾ?"

"ವೈಫೈ ಹೆಸರನ್ನೇ ಹಾಗೆ ಬದಲಾಯಿಸಿ, ಬಚ್ಚಿಡದೆ ಬಿಟ್ರೆ ಕಾಣುತ್ತೆ. ಆದ್ರೆ ಅವರ ಲ್ಯಾಪ್‌ಟಾಪಿಗೆ ಗೊತ್ತಿರೋದು ಹಳೇ ಹೆಸರು. ಹೊಸದಕ್ಕೆ ಅದು ತಾನಾಗಿ ಸೇರಲ್ಲ. ಕೆಳಗೆ ಬಂದು ಕೂತು ಹೋದ್ರೂ ನಿಮಗೆ ಗೊತ್ತಾಗಲ್ಲ."

ಅವಳು ಆ ಪುಟದಲ್ಲಿ ಸೋಮಾರಿ ಎಂದಿದ್ದ ಸಾಲನ್ನು ಮತ್ತೊಮ್ಮೆ ಓದಿದಳು. ಎರಡು ವರ್ಷದಲ್ಲಿ ತಮ್ಮನಿಂದ ಬಂದ ಸುದ್ದಿ ಎಂದರೆ ಆ ಒಂದು ಸಾಲು. ಹಳೆಯ ಹೆಸರಿದ್ದರೆ ಅದು ಇನ್ನೊಮ್ಮೆ ಕಂಡೀತು. ಆದರೆ ಅವನು ಮತ್ತೆ ಮೆಟ್ಟಿಲಿಂದಲೇ ಹಿಂದಿರುಗಿಯಾನು. ಕೊನೆಗೆ ಬದಲಾಯಿಸು ಎಂದಳು. ತಾನೇ ಕೂತು ಒತ್ತಿದಳು: ಒಳಗೆ ಬಾರೋ ಸೋಮಾರಿ.

ಮಾರನೆಯ ದಿನದಿಂದ ಬೀದಿಯವರ ಫೋನಿನಲ್ಲೆಲ್ಲ ಅದೇ. ಮೇಲಿನ ಮನೆಯಾತ ಇಳಿಯುತ್ತ, "ನನ್ನನ್ನೇ ಕರೀತಿದೀರಾ ಅಕ್ಕ?" ಎಂದು ಹಲ್ಲು ಕಿರಿದ. ಕತ್ತರಿ ಬಾಯಿ ಬಿಡಲಿಲ್ಲ. ಅಂದಿನಿಂದ ಬಾಗಿಲು ತೆಗೆದಿಟ್ಟುಕೊಂಡೇ ಹೊಲಿಯುತ್ತಾಳೆ. ಬಿಳಿ ಬಟ್ಟೆಯ ಮೇಲೆ ಬೀದಿಯ ಧೂಳು ಕೂರುತ್ತದೆ, ಗಿರಾಕಿಗಳು ಗೊಣಗುತ್ತಾರೆ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸದ್ದಾದರೂ ಮೆಷಿನ್ ನಿಲ್ಲಿಸುತ್ತಾಳೆ.

ಬೆಳಗ್ಗೆ ಎದ್ದು ರೂಟರಿನ ಪುಟವನ್ನೂ ನೋಡುತ್ತಾಳೆ. ಅಲ್ಲಿ ಅವಳ ಕಂಪ್ಯೂಟರ್ ಒಂದೇ. ತಮ್ಮ ಬಂದೇ ಇಲ್ಲವೋ, ಬಂದು, ಓದಿ, ಆದರೂ ಹೊರಟುಹೋದನೋ, ಇನ್ನು ಅವಳಿಗೆ ತಿಳಿಯುವ ದಾರಿಯಿಲ್ಲ.