ಯಂತ್ರಕ್ಕೆ ಕೊಟ್ಟ ಪತ್ರ

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಸ್ಕ್ಯಾನಿಂಗ್ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದಾಗ, ಬ್ರಿಟನ್ನಿನ ವೇಲ್ಸ್ ಕಡೆಯ ಮುದುಕರೊಬ್ಬರು ತಮ್ಮ ಜಮೀನ್ದಾರಿ ಮನೆತನದಲ್ಲಿ ಉಳಿದಿದ್ದ ಹಳೆಯ ಕಾಗದಗಳನ್ನು ತಂದರು. "ಒಂದೊಂದನ್ನೇ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿ" ಎಂದು ಹೇಳಿ ಚಹಾ ಕುಡಿಯಲು ಹೋದರು.

ನಾನು ಅವಸರಕ್ಕೆ ಬಿದ್ದು ಒಂದು ಪತ್ರವನ್ನು, ಕಾಗದವನ್ನು ತಾನೇ ಒಳಗೆಳೆದುಕೊಳ್ಳುವ ಯಂತ್ರದ ಬಾಯಿಗೇ ಕೊಟ್ಟೆ. ಅದು ಕರಕರನೆ ಎಳೆದು ಎರಡು ತುಂಡು ಮಾಡಿತು. ಕೆಲಸ ಹೋದರೆ ವೀಸಾವೂ ಹೋದಂತೆ. ಮುಚ್ಚಿಡೋಣ ಎಂದುಕೊಳ್ಳುವಷ್ಟರಲ್ಲಿ ಅವರು ಒಳಗೆ ಬಂದರು.

"ಹರಿದುಹೋಯ್ತು ಸರ್, ತಪ್ಪು ನನ್ನದೇ," ಎಂದೆ.

ಅವರು ಎರಡು ತುಂಡುಗಳನ್ನು ಮೇಜಿನ ಮೇಲಿಟ್ಟು ಅಂಚಿಗೆ ಅಂಚು ಜೋಡಿಸಿ ನೋಡಿದರು. ಪೊಲೀಸರನ್ನು ಕರೆಸುತ್ತಾರೆ ಎಂದೇ ನಾನು ಅಂದುಕೊಂಡೆ.

"ನಮ್ಮಜ್ಜಿ ಇಂಥ ಪತ್ರಗಳನ್ನು ಕತ್ತರಿಸಿ ಜಾಮ್ ಬಾಟಲಿಗಳ ಬಾಯಿಗೆ ಮುಚ್ಚಳವಾಗಿ ಕಟ್ಟುತ್ತಿದ್ದರು," ಎಂದರು ಕೊನೆಗೆ. "ನೀವು ಒಪ್ಪಿಕೊಂಡಿರಿ. ಅಜ್ಜಿ ಕೊನೆಯವರೆಗೂ ತಪ್ಪು ಒಪ್ಪಿಕೊಳ್ಳಲಿಲ್ಲ."

ಉಳಿದ ಕಾಗದಗಳನ್ನು ಮಾತ್ರ ಅವರೇ ಗಾಜಿನ ಮೇಲಿಟ್ಟರು. ಬಟನ್ ಒತ್ತುವ ಕೆಲಸವನ್ನಷ್ಟೇ ನನಗೆ ಬಿಟ್ಟರು.